ರೆಕಾರ್ಡಿನಲ್ಲಿ ಹೆಲ್ಪರ್

2004ನೇ ಇಸವಿಯಲ್ಲಿ ನಾನು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯ ಒಂದು ಖಾಸಗಿ ಕಾರ್ಖಾನೆಯಲ್ಲಿ ಪರ್ಸನಲ್ ಆಫೀಸರ್, ಅಂದರೆ ಸಿಬ್ಬಂದಿಯ ದಾಖಲೆ ನೋಡಿಕೊಳ್ಳುವ ಅಧಿಕಾರಿ ಆಗಿದ್ದೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಈಗ ಆ ಜಾಗದಲ್ಲಿ ಯಾರದೋ ಗೋದಾಮಿದೆ. ಒಂದು ಬದಿಗೆ ಎರಕದ ವಿಭಾಗ, ಇನ್ನೊಂದು ಬದಿಗೆ ಫ್ಯಾಬ್ರಿಕೇಶನ್ ಶಾಪ್, ಅಂದರೆ ಕಬ್ಬಿಣದ ತಗಡು, ಪೈಪುಗಳನ್ನು ಕತ್ತರಿಸಿ ಬೆಸೆದು ಟ್ಯಾಂಕು, ಬಾಯ್ಲರಿನ ಭಾಗಗಳನ್ನು ಮಾಡುವ ಜಾಗ. ಟೈಪಿಸ್ಟ್ ಆಗಿ 1984ರಲ್ಲಿ ಸೇರಿದವಳು ನಾನು. ರವೀಂದ್ರನಗರದ ಮನೆಯಿಂದ ಏಳೂವರೆಯ ಬಸ್ಸು ಹಿಡಿದು ಇಪ್ಪತ್ತು ವರ್ಷ ಆ ಗೇಟಿನೊಳಗೆ ಹೋಗಿದ್ದೆ.

ಆ ವರ್ಷದ ಮಾರ್ಚಿನಲ್ಲಿ ಫ್ಯಾಬ್ರಿಕೇಶನ್ ಶಾಪನ್ನು ಮುಚ್ಚಿದರು. ಆರ್ಡರುಗಳಿಲ್ಲ ಎಂಬುದು ಕಾರಣ. ನಲವತ್ತಕ್ಕೂ ಹೆಚ್ಚು ಜನರ ಲೆಕ್ಕ ಚುಕ್ತಾ ಮಾಡಿ ಕಳಿಸುವ ಕೆಲಸ ನನ್ನ ಮೇಜಿನ ಮೇಲೆ ಬಿತ್ತು. ಹೋಗುವವರಿಗೆಲ್ಲ ಒಂದೊಂದು ಸರ್ವಿಸ್ ಸರ್ಟಿಫಿಕೇಟ್ ಕೊಡಬೇಕು. ಅದರಲ್ಲಿ ಇರುವುದು ಇಷ್ಟೇ: ಹೆಸರು, ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಗೆ 'ನಡತೆ ತೃಪ್ತಿಕರ' ಎಂಬ ಒಂದು ಮಾತು. ಮೊದಲ ವಾರ ಪ್ರತಿಯೊಬ್ಬರನ್ನೂ ಕೂರಿಸಿ ಮಾತಾಡಿದೆ. ಮೂರನೆಯ ವಾರದ ಹೊತ್ತಿಗೆ ತಲೆ ಎತ್ತಿ ನೋಡುವುದನ್ನೂ ಬಿಟ್ಟಿದ್ದೆ. ಕಾಗದ ತಳ್ಳುವುದು, ಸಹಿ ತೋರಿಸುವುದು, ಮುಂದಿನವರನ್ನು ಕರೆಯುವುದು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ನಿದ್ದೆ ಬರುತ್ತಿರಲಿಲ್ಲ, ಎಚ್ಚರವೂ ಇರುತ್ತಿರಲಿಲ್ಲ.

ಮೇ ತಿಂಗಳಲ್ಲಿ ಇನಾಯತ್ ಬಂದರು. ಫ್ಯಾಬ್ರಿಕೇಶನ್ ಶಾಪಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದವರು, ವಯಸ್ಸು ಮೂವತ್ತಾರು. ತೆಳ್ಳಗಿನ ಆಳು, ಮುಂಗೈ ತುಂಬ ಕಿಡಿ ಹಾರಿ ಆದ ಸಣ್ಣ ಸಣ್ಣ ಕಲೆಗಳು. ಕಾರ್ಖಾನೆ ಬಿಟ್ಟ ಮೇಲೆ ರಾಗಿಗುಡ್ಡದ ಒಂದು ಗ್ರಿಲ್ ಅಂಗಡಿಯಲ್ಲಿ ಕಿಟಕಿ, ಗೇಟು ಬೆಸೆಯುತ್ತಿದ್ದರು. ನಾನೇ ಕೊಟ್ಟಿದ್ದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಮೇಡಂ, ಇದರಲ್ಲಿ ಹೆಲ್ಪರ್ ಅಂತ ಬಂದ್ಬಿಟ್ಟಿದೆ. ಸ್ವಲ್ಪ ವೆಲ್ಡರ್ ಅಂತ ಮಾಡಿಕೊಡ್ತೀರಾ?"

"ರೆಕಾರ್ಡಿನಲ್ಲಿ ಹಾಗೇ ಇದೆಯಲ್ಲ ಇನಾಯತ್."

"ರೆಕಾರ್ಡಿನಲ್ಲಿ ಇರಬಹುದು ಮೇಡಂ. ಆದರೆ ನಾನು ಹೆಲ್ಪರ್ ಕೆಲಸ ಮಾಡಿದ್ದನ್ನ ನೀವು ಯಾವತ್ತಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಶಾಪಿನಲ್ಲಿ ಕಷ್ಟದ ಬೆಸುಗೆ ಯಾವುದಿದ್ದರೂ ಇನಾಯತ್ ಅವರನ್ನೇ ಕರೆಯುತ್ತಾರೆ ಎಂಬುದು ಕ್ಯಾಂಟೀನಿನ ಅಡುಗೆಯವನಿಗೂ ಗೊತ್ತಿತ್ತು. ಆದರೂ ಯಾಕೆ ಬೇಕು ಎಂದು ಕೇಳಿದೆ. ಅವರು ಇನ್ನೊಂದು ಕಾಗದ ತೆಗೆದರು.

ಅದು ಕೆನಡಾದ ಒಂದು ಕಂಪನಿಯ ಪತ್ರ. ಆ ದೇಶದ ಒಳನಾಡಿನ ಪ್ರಾಂತ್ಯವೊಂದರ ಚಿಕ್ಕ ಊರಿನಲ್ಲಿ, ಧಾನ್ಯ ಸಾಗಿಸುವ ಟ್ರೈಲರುಗಳನ್ನು ತಯಾರಿಸುವವರು. ವಲಸೆ ಹೋಗುವವರೆಲ್ಲ ಅಲ್ಲಿನ ದೊಡ್ಡ ನಗರಗಳಿಗೇ ಹೋಗಿ ಸೇರುತ್ತಿದ್ದುದರಿಂದ ಇಂಥ ಊರುಗಳಿಗೆ ಕೈಕೆಲಸ ಬಲ್ಲವರು ಸಿಗುತ್ತಿರಲಿಲ್ಲ. ಅದಕ್ಕೆ ಆ ಪ್ರಾಂತ್ಯದ ಸರ್ಕಾರ ತನ್ನದೇ ಒಂದು ಯೋಜನೆ ಮಾಡಿಕೊಂಡಿತ್ತು. ತನ್ನ ಊರುಗಳಿಗೆ ಬೇಕಾದ ವೆಲ್ಡರು, ಮೆಕ್ಯಾನಿಕ್ಕು, ನರ್ಸುಗಳನ್ನು ಹೊರದೇಶದಿಂದ ಆರಿಸಿ, ಇವರು ನಮಗೆ ಬೇಕು ಎಂದು ಕೇಂದ್ರ ಸರ್ಕಾರಕ್ಕೆ ಶಿಫಾರಸು ಮಾಡುವುದು. ಆಮೇಲೆ ಆರೋಗ್ಯ ತಪಾಸಣೆ, ಪೊಲೀಸ್ ಪರಿಶೀಲನೆ ಮುಗಿದರೆ ಹೆಂಡತಿ ಮಕ್ಕಳ ಸಮೇತ ಕಾಯಂ ವಾಸಕ್ಕೆ ಅನುಮತಿ. ಬದಲಿಗೆ ಆ ಪ್ರಾಂತ್ಯದಲ್ಲೇ ನೆಲೆಸುವ ಮನಸ್ಸು ತೋರಿಸಬೇಕು.

ಕಂಪನಿಯವರು ಬೆಂಗಳೂರಿಗೆ ಬಂದು ಒಂದು ವರ್ಕ್‌ಶಾಪಿನಲ್ಲಿ ಪರೀಕ್ಷೆ ನಡೆಸಿದ್ದರು. ದುಬೈಯಲ್ಲಿದ್ದ ಸಂಬಂಧಿಕರೊಬ್ಬರಿಂದ ಸುದ್ದಿ ತಿಳಿದು ಇನಾಯತ್ ಹೋಗಿದ್ದರು. ಎರಡು ಪೈಪುಗಳನ್ನು ಬೆಸೆಯಲು ಕೊಟ್ಟರಂತೆ. ಬೆಸೆದ ಜಾಗವನ್ನು ಕತ್ತರಿಸಿ, ಬಗ್ಗಿಸಿ ನೋಡಿ, ಕೈ ಕುಲುಕಿದರಂತೆ.

"ಕೈ ನೋಡಿ ಒಪ್ಪಿಕೊಂಡ್ರು ಮೇಡಂ. ಈಗ ಗೋರ್ಮೆಂಟಿನೋರು ಕಾಗದ ಕೇಳ್ತಿದಾರೆ."

"ಅಲ್ಲಿ ಚಳಿ ಮೈನಸ್ ಮೂವತ್ತಕ್ಕೆ ಇಳಿಯುತ್ತಂತೆ, ಗೊತ್ತಾ?"

"ಹದಿನಾರು ವರ್ಷ ಬೆಂಕಿ ಮುಂದೆ ಕೂತಿದೀನಿ. ಸ್ವಲ್ಪ ತಣ್ಣಗಾಗ್ಲಿ ಬಿಡಿ."

ನಕ್ಕೆವು. ಆದರೆ ನಾನು ಕಾಗದ ಬದಲಿಸಲಿಲ್ಲ. ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಬರೆಯಬೇಕು, ಅದು ನಿಯಮ ಎಂದು ಹೇಳಿದೆ. ಅವರು ವಾದ ಮಾಡಲಿಲ್ಲ. ಸರ್ಟಿಫಿಕೇಟನ್ನು ಮತ್ತೆ ಕವರಿಗೆ ಹಾಕಿಕೊಂಡು, "ಸರಿ ಮೇಡಂ, ಇದನ್ನೇ ಕಳಿಸಿ ನೋಡ್ತೀನಿ" ಎಂದು ಹೊರಟರು. ಅವತ್ತು ನನ್ನಲ್ಲಿ ಕೆಟ್ಟತನವಿರಲಿಲ್ಲ, ದಣಿವಿತ್ತು. ಎದುರಿಗಿದ್ದವರಿಗೆ ಎರಡರಿಂದಲೂ ಒಂದೇ ಫಲ ಸಿಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

ಜುಲೈ ಕೊನೆಯ ವಾರದಲ್ಲಿ ಅವರು ಮತ್ತೆ ಬಂದರು. ಈ ಸಲ ನಗು ಇರಲಿಲ್ಲ. ಪ್ರಾಂತ್ಯದ ಕಚೇರಿಯಿಂದ ಬಂದ ಪತ್ರವನ್ನು ನನ್ನ ಕೈಗೆ ಕೊಟ್ಟು ಓದಿ ಹೇಳಿ ಎಂದರು. ಅವರಿಗೆ ಒಂದಷ್ಟು ಇಂಗ್ಲಿಷ್ ಬರುತ್ತಿತ್ತು. ವಿಷಯ ಗೊತ್ತಾಗಿಯೇ ಇತ್ತು. ಬೇರೆ ಏನಾದರೂ ಅರ್ಥ ಬರಬಹುದೇ ಎಂಬ ಆಸೆ, ಅಷ್ಟೆ. ಅರ್ಜಿದಾರರು ವೆಲ್ಡರ್ ಎಂದು ಅರ್ಜಿ ಹಾಕಿದ್ದಾರೆ, ಹಿಂದಿನ ಕಾರ್ಖಾನೆಯವರ ಪ್ರಮಾಣಪತ್ರದಲ್ಲಿ ಹೆಲ್ಪರ್ ಎಂದಿದೆ, ಅರವತ್ತು ದಿನಗಳೊಳಗೆ ತಕ್ಕ ದಾಖಲೆ ಒದಗಿಸದಿದ್ದರೆ ಅರ್ಜಿ ತಿರಸ್ಕೃತವಾಗುತ್ತದೆ ಎಂದು ಅದರಲ್ಲಿತ್ತು. ಪತ್ರದ ತಾರೀಖಿನಿಂದ ಆಗಲೇ ಹದಿನೈದು ದಿನ ಕಳೆದಿದ್ದವು.

ಇನಾಯತ್ ಕುರ್ಚಿಯ ಅಂಚಿನಲ್ಲಿ ಕೂತು ಹೇಳಿದರು:

"ಶಿವಮೊಗ್ಗದಲ್ಲಿ ಒಬ್ಬ ಏಜೆಂಟ್ ಇದ್ದಾನೆ ಮೇಡಂ. ಯಾವುದೋ ವರ್ಕ್‌ಶಾಪ್ ಹೆಸರಲ್ಲಿ ಲೆಟರ್‌ಹೆಡ್ ಮಾಡಿಸಿ, ಹತ್ತು ವರ್ಷ ವೆಲ್ಡರ್ ಆಗಿದ್ದ ಅಂತ ಬರೆಸಿಕೊಡ್ತೀನಿ ಅಂತಾನೆ. ಶಾಹೀನಾ ಬೇಡ ಅಂತಿದಾಳೆ. ಸುಳ್ಳು ಕಾಗದ ಹಿಡ್ಕೊಂಡು ಮಕ್ಕಳನ್ನ ಕರ್ಕೊಂಡು ಹೋಗೋದು ಬೇಡ ಅಂತ. ನೀವು ಹೇಳಿ, ಮಾಡಿಸ್ಲಾ?"

ಶಾಹೀನಾ ಅವರ ಹೆಂಡತಿ. ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಆರನೇ ಕ್ಲಾಸು. ಸುಳ್ಳು ಕಾಗದ ಸಿಕ್ಕಿಬಿದ್ದರೆ ಅರ್ಜಿ ಹೋಗುವುದು ಮಾತ್ರವಲ್ಲ, ಮುಂದೆ ವರ್ಷಗಟ್ಟಲೆ ಆ ದೇಶಕ್ಕೆ ಅರ್ಜಿ ಹಾಕುವಂತಿಲ್ಲ ಎಂದು ಅದೇ ಪತ್ರದ ಕೆಳಗೆ ಅಚ್ಚಾಗಿತ್ತು. ನಿಜವಾದ ವೆಲ್ಡರ್ ಒಬ್ಬರು ತಾನು ವೆಲ್ಡರ್ ಎಂದು ತೋರಿಸಲು ಸುಳ್ಳು ಸರ್ಟಿಫಿಕೇಟ್ ಮಾಡಿಸಬೇಕೇ ಎಂದು ನನ್ನನ್ನು ಕೇಳುತ್ತಿದ್ದರು.

"ಒಂದು ವಾರ ತಡೀರಿ. ಏಜೆಂಟ್ ಹತ್ತಿರ ಹೋಗಬೇಡಿ" ಎಂದೆ.

ಅವರು ಹೋದ ಮೇಲೆ ಅವರ ಪರ್ಸನಲ್ ಫೈಲನ್ನು ಕಪಾಟಿನಿಂದ ತೆಗೆದೆ. 1988ರಲ್ಲಿ ಹೆಲ್ಪರ್ ಆಗಿ ಸೇರಿದ್ದು. ಒಂದಷ್ಟು ರಜೆ ಅರ್ಜಿ, ಕಣ್ಣಿಗೆ ಕಿಡಿ ಬಿದ್ದದ್ದಕ್ಕೆ ಆಸ್ಪತ್ರೆಯ ಚೀಟಿ. ಆಮೇಲೆ 1993ರ ಟ್ರೇಡ್ ಟೆಸ್ಟಿನ ಹಾಳೆ, ಅಂದರೆ ಬಡ್ತಿಗಾಗಿ ಕಾರ್ಖಾನೆಯೊಳಗೇ ನಡೆಸುವ ಕೆಲಸದ ಪರೀಕ್ಷೆ. ಪಾಸಾಗಿದ್ದರು. 'ವೆಲ್ಡರ್ ದರ್ಜೆಗೆ ಶಿಫಾರಸು ಮಾಡಿದೆ' ಎಂದು ಫೋರ್‌ಮನ್ ಬರೆದಿದ್ದರು. ಅದರ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಪದ: 'ಹೋಲ್ಡ್'.

ಅಕ್ಷರ ನನ್ನದು.

ಆ ವರ್ಷ ಬಡ್ತಿಗಳನ್ನೆಲ್ಲ ಸದ್ಯಕ್ಕೆ ತಡೆಹಿಡಿಯಿರಿ ಎಂದು ಮೇಲಿನವರು ಹೇಳಿದ್ದರು. ಆಗ ಕ್ಲರ್ಕ್ ಆಗಿದ್ದ ನಾನು ಅದನ್ನು ಬರೆದು ಫೈಲಿಗೆ ಹಾಕಿದ್ದೆ. 'ಸದ್ಯಕ್ಕೆ' ಎಂದಿದ್ದು ಮುಗಿಯಿತೇ ಎಂದು ಕೇಳಬೇಕಾದವರು ಯಾರು? ಆರು ತಿಂಗಳಿಗೊಮ್ಮೆ ಬಾಕಿ ಕಡತಗಳನ್ನು ಮೇಲಕ್ಕೆ ಕಳಿಸಿ ನೆನಪಿಸುವುದು ನಮ್ಮ ವಿಭಾಗದ ಕೆಲಸ. ಹನ್ನೊಂದು ವರ್ಷ ನಾನು ನೆನಪಿಸಿರಲಿಲ್ಲ. ಇನಾಯತ್ ಒಬ್ಬರದಲ್ಲ, ಅಂಥ ಹಾಳೆಗಳು ಇನ್ನೂ ಎಷ್ಟೋ ಫೈಲುಗಳಲ್ಲಿ ಹಾಗೇ ಕೂತಿದ್ದವು.

ಮರುದಿನ ವರ್ಕ್ಸ್ ಮ್ಯಾನೇಜರ್ ಬಳಿ ಹೋದೆ. ಅವರು ದುಷ್ಟರಲ್ಲ. ಐವತ್ತೆಂಟರ ಹತ್ತಿರ ಬಂದಿದ್ದವರು, ತಮ್ಮ ಹೆಸರು ಯಾವ ಪಟ್ಟಿಯಲ್ಲಿ ಬರುತ್ತದೋ ಎಂದು ಅವರೂ ಕಾಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಆಡಿಸಿದರು.

"ಆಗಲ್ಲ ಕಣಮ್ಮ. ಹೆಲ್ಪರ್ ಸಂಬಳ ಕೊಟ್ಟು ವೆಲ್ಡರ್ ಕೆಲಸ ಮಾಡಿಸಿದ್ವಿ ಅಂತ ನಮ್ಮ ಕೈಯಾರೆ ಬರೆದುಕೊಟ್ಟ ಹಾಗಾಗುತ್ತೆ. ಇವನೊಬ್ಬನಿಗೆ ಕೊಟ್ರೆ ನಾಳೆ ಎಲ್ಲರೂ ಬರ್ತಾರೆ. ಅದೇ ಕಾಗದ ಹಿಡ್ಕೊಂಡು ಲೇಬರ್ ಕೋರ್ಟಿಗೆ ಹೋಗ್ತಾರೆ."

"ಟ್ರೇಡ್ ಟೆಸ್ಟ್ ಹಾಳೆ ಇದೆ ಸಾರ್."

"ಪಾಸಾಗಿದ್ದಾನೆ ಅನ್ನೋದಕ್ಕೆ ಹಾಳೆ ಇದೆ. ಕೆಲಸ ಮಾಡಿದ್ದಾನೆ ಅನ್ನೋದಕ್ಕೆ ಏನಿದೆ?"

ಮಾತು ಸರಿಯಾಗಿತ್ತು. ಒಂದು ಪರೀಕ್ಷೆಯ ಹಾಳೆಯಿಂದ ಹನ್ನೊಂದು ವರ್ಷದ ಅನುಭವ ತೋರಿಸಲು ಬರುವುದಿಲ್ಲ. ನಾನು ವಾಪಸು ಬಂದು ಕೂತೆ. ಇಷ್ಟಕ್ಕೇ ಕೈ ಬಿಟ್ಟಿದ್ದರೂ ಯಾರೂ ನನ್ನನ್ನು ಕೇಳುತ್ತಿರಲಿಲ್ಲ.

ಆ ಭಾನುವಾರ ಭದ್ರಾವತಿಗೆ ಹೋದೆ. ಟ್ರೇಡ್ ಟೆಸ್ಟಿನ ಹಾಳೆಗೆ ಸಹಿ ಹಾಕಿದ್ದ ಫೋರ್‌ಮನ್ ಮಾಣಿಕ್ಯಂ ಅಲ್ಲಿದ್ದರು. ನಿವೃತ್ತರಾಗಿ ಐದು ವರ್ಷವಾಗಿತ್ತು. ಇನಾಯತ್ ಅವರಿಗೆ ಬೆಸುಗೆ ಕಲಿಸಿದವರೇ ಅವರು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದ್ದರೂ ನನ್ನ ದನಿಯಿಂದಲೇ ಗುರುತು ಹಿಡಿದರು. ವಿಷಯ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ಅವರು ಕೇಳಿದರು:

"ಎಲ್ಲಿ ಹುಡುಕಿದೆಮ್ಮಾ?"

"ನಮ್ಮ ಆಫೀಸಿನಲ್ಲಿ. ಹಾಜರಿ ಪುಸ್ತಕ, ಪರ್ಸನಲ್ ಫೈಲು."

"ಅಯ್ಯೋ, ಅಲ್ಲಿ ಏನಿರುತ್ತೆ? ಅದು ಸಂಬಳದ ಕಾಗದ. ಕೆಲಸದ ಕಾಗದ ಕ್ವಾಲಿಟಿ ರೂಮಲ್ಲಿ ಇರುತ್ತೆ. ಬಾಯ್ಲರ್ ಜಾಯಿಂಟಿಗೆ ಹೊರಗಿನ ಇನ್ಸ್‌ಪೆಕ್ಟರ್ ಬಂದು ಎಕ್ಸ್‌ರೇ ತೆಗೀತಾನಲ್ಲ, ಅದಕ್ಕೆ ಟೆಸ್ಟ್ ಪಾಸ್ ಮಾಡಿರೋ ವೆಲ್ಡರ್ ಬಿಟ್ಟು ಬೇರೆಯೋನು ಕೈ ಹಾಕಂಗಿಲ್ಲಮ್ಮಾ. ಒಬ್ಬೊಬ್ಬನಿಗೆ ಒಂದು ನಂಬರು. ಬೆಸೆದ ಪಕ್ಕದಲ್ಲಿ ಆ ನಂಬರ್ ಪಂಚ್ ಹೊಡೀಬೇಕು. ನಮ್ಮ ಇನಾಯತ್ ನಂಬರು ಏಳು."

ಇಪ್ಪತ್ತು ವರ್ಷ ಅದೇ ಕಾಂಪೌಂಡಿನೊಳಗೆ ಕೆಲಸ ಮಾಡಿದ್ದೆ. ಈ ನಂಬರಿನ ವಿಷಯ ನನಗೆ ಗೊತ್ತೇ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕ್ವಾಲಿಟಿ ವಿಭಾಗಕ್ಕೆ ಹೋದೆ. ಆರು ಜನರಿದ್ದ ಜಾಗದಲ್ಲಿ ಶಂಕರಪ್ಪ ಎಂಬ ಹಿರಿಯರೊಬ್ಬರೇ ಉಳಿದಿದ್ದರು. ನಾನು ಕೇಳಿದ್ದು ಕೇಳಿ ಮೂಲೆಯ ಕಬ್ಬಿಣದ ಬೀರು ತೋರಿಸಿದರು. "ಅದನ್ನ ಮುಂದಿನ ತಿಂಗಳು ರದ್ದಿಗೆ ಹಾಕಿ ಅಂದಿದಾರೆ ಮಾರಾಯ್ತಿ. ಬೇಕಾದ್ದು ತಗೋ" ಎಂದರು. ಇಬ್ಬರೂ ನೆಲದ ಮೇಲೆ ಕೂತು ಎರಡು ದಿನ ಫೈಲು ತಿರುವಿದೆವು. ಗೆದ್ದಲು ತಿಂದಿದ್ದು, ಮಳೆನೀರು ಇಳಿದಿದ್ದು, ಅಕ್ಷರ ಮಾಸಿದ್ದು ಬಿಟ್ಟು ಉಳಿದದ್ದು ಕೈಗೆ ಬಂತು.

1994ರಿಂದ 2003ರವರೆಗೆ ಇನಾಯತ್ ಅವರ ಹೆಸರಿನಲ್ಲಿ ಒಂಬತ್ತು ಪ್ರಮಾಣಪತ್ರಗಳಿದ್ದವು. 'ಅರ್ಹ ವೆಲ್ಡರ್, ಸಂಖ್ಯೆ 7' ಎಂದು ಪ್ರತಿಯೊಂದರಲ್ಲೂ ಟೈಪಾಗಿತ್ತು. ಕಾರ್ಖಾನೆಯ ಮುದ್ರೆ, ಹೊರಗಿನ ಇನ್ಸ್‌ಪೆಕ್ಟರ ಸಹಿ, ಜೊತೆಗೆ ನಮ್ಮ ವರ್ಕ್ಸ್ ಮ್ಯಾನೇಜರ ಸಹಿ. ನಮ್ಮಲ್ಲಿ ಪರೀಕ್ಷೆ ಪಾಸಾದ ವೆಲ್ಡರುಗಳು ಇದ್ದಾರೆ ಎಂದು ತೋರಿಸದೆ ಬಾಯ್ಲರಿನ ಆರ್ಡರುಗಳು ಸಿಗುತ್ತಿರಲಿಲ್ಲ. ಆ ಕಾಗದ ಬೆಸೆದವರ ಕೈಗೆ ಎಂದೂ ಬರುತ್ತಿರಲಿಲ್ಲ. ಹಾಗಾಗಿ ಗಿರಾಕಿಗೆ ಕಳಿಸುವ ಕಾಗದದಲ್ಲಿ ಇನಾಯತ್ ಅರ್ಹ ವೆಲ್ಡರ್. ಅದೇ ತಿಂಗಳ ಸಂಬಳದ ಪಟ್ಟಿಯಲ್ಲಿ ಹೆಲ್ಪರ್.

ನಾನು ಆ ಒಂಬತ್ತು ಹಾಳೆಗಳನ್ನೂ ಮ್ಯಾನೇಜರ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ತಮ್ಮದೇ ಸಹಿಗಳನ್ನು ಒಂದೊಂದಾಗಿ ನೋಡಿದರು.

"ಗಿರಾಕಿಗೆ ವೆಲ್ಡರ್ ಅಂತ ಹೇಳಿದೀವಿ, ಇನಾಯತ್ ಅವರಿಗೆ ಹೆಲ್ಪರ್ ಅಂತ ಹೇಳಿದೀವಿ. ಎರಡರಲ್ಲಿ ಒಂದು ಸುಳ್ಳು ಸಾರ್. ಯಾವುದು ಅಂತ ನೀವೇ ಹೇಳಿ" ಎಂದೆ.

ಅವರು ಹಾಳೆಗಳನ್ನು ಜೋಡಿಸಿ ನನ್ನ ಕಡೆ ಸರಿಸಿದರು.

"ನಾನು ಸಹಿ ಹಾಕಲ್ಲ. ಸರ್ವಿಸ್ ಸರ್ಟಿಫಿಕೇಟಿಗೆ ಸಹಿ ಹಾಕೋ ಅಧಿಕಾರ ನಿನಗಿದೆ. ಹಾಕ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು. ಮೇಲಿಂದ ಕೇಳಿದ್ರೆ ನನಗೆ ಗೊತ್ತಿಲ್ಲ ಅಂತೀನಿ."

"ಆಯ್ತು ಸಾರ್."

ಪತ್ರವನ್ನು ನಾನೇ ಟೈಪ್ ಮಾಡಿದೆ. ಒಂದು ಪುಟಕ್ಕೆ ನಾಲ್ಕು ಸಲ ಕಾಗದ ಬದಲಿಸಿದೆ. ಹುದ್ದೆ ವೆಲ್ಡರ್ ಎಂದು ಬರೆಯಲಿಲ್ಲ, ಅದು ಸುಳ್ಳಾಗುತ್ತಿತ್ತು. ಬರೆದದ್ದು ಇಷ್ಟು: ಇವರ ಹುದ್ದೆ ದಾಖಲೆಯಲ್ಲಿ ಕೊನೆಯವರೆಗೂ ಹೆಲ್ಪರ್ ಎಂದೇ ಇದೆ. 1993ರಲ್ಲಿ ವೆಲ್ಡರ್ ದರ್ಜೆಯ ಪರೀಕ್ಷೆಯಲ್ಲಿ ಪಾಸಾಗಿದ್ದಾರೆ. ಬಡ್ತಿಯ ಆದೇಶ ಹೊರಡಲಿಲ್ಲ. 1994ರಿಂದ 2003ರವರೆಗೆ ಇವರು ಮಾಡಿದ್ದು ವೆಲ್ಡರ್ ಕೆಲಸ, ಅದಕ್ಕೆ ದಾಖಲೆಗಳನ್ನು ಲಗತ್ತಿಸಿದೆ. ಕೆಳಗೆ ಏನೇನು ಬೆಸೆದರು, ಯಾವ ವಿಧಾನ, ವಾರಕ್ಕೆ ಎಷ್ಟು ಗಂಟೆ ಎಂದು ಪ್ರಾಂತ್ಯದ ಕಚೇರಿಯವರು ಕೇಳಿದ ವಿವರಗಳು. ಸಹಿ ಮಾಡಿ, ಮುದ್ರೆ ಒತ್ತಿ, ನನ್ನ ಮೇಜಿನ ಫೋನ್ ನಂಬರು ಬರೆದೆ. ಗಡುವಿಗೆ ಇನ್ನೂ ನಾಲ್ಕು ವಾರಕ್ಕೂ ಹೆಚ್ಚು ಇತ್ತು.

ಇನಾಯತ್ ನನ್ನ ಮುಂದೆಯೇ ಪತ್ರವನ್ನು ನಿಧಾನವಾಗಿ ಓದಿದರು. ಬಡ್ತಿಯ ಸಾಲಿಗೆ ಬಂದಾಗ ಬೆರಳು ನಿಂತಿತು.

"1993ರಲ್ಲಿ ನಾನು ಪಾಸಾಗಿದ್ನಾ ಮೇಡಂ?"

"ಹೌದು."

"ಫೇಲ್ ಅಂದ್ಕೊಂಡಿದ್ದೆ. ಆಫೀಸಿನಿಂದ ಯಾರೂ ಹೇಳ್ಲಿಲ್ಲ. ಮಾಣಿಕ್ಯಂ ಸಾರ್ ಪಾಸ್ ಅಂದ್ರು, ಆದ್ರೆ ಆರ್ಡರ್ ಬರಲಿಲ್ಲವಲ್ಲ, ಸಮಾಧಾನಕ್ಕೆ ಹೇಳ್ತಿದಾರೆ ಅಂದ್ಕೊಂಡೆ."

ಆ ಹಾಳೆಯನ್ನು ತಡೆಹಿಡಿದದ್ದು ನಾನೇ ಎಂದು ಆಗ ಹೇಳಿದೆ. ಅವರು ನನ್ನನ್ನು ಒಮ್ಮೆ ನೋಡಿದರು, ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಇರಲಿ ಬಿಡಿ ಮೇಡಂ, ಈಗ ಬರೆದಿದೀರಲ್ಲ" ಎಂದು ಕಾಗದ ಮಡಚಿದರು.

ಅಕ್ಟೋಬರಿನ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನ್ನ ಮೇಜಿನ ಫೋನಿಗೆ ಕರೆ ಬಂತು. ಪ್ರಾಂತ್ಯದ ಪರವಾಗಿ ದೆಹಲಿಯಲ್ಲಿರುವ ಕೆನಡಾದ ವೀಸಾ ಕಚೇರಿಯಿಂದ ಪರಿಶೀಲನೆಗೆ ಎಂದರು. ಹೆಂಗಸಿನ ದನಿ, ಮಾತು ಚುಟುಕು, ಇಂಗ್ಲಿಷಿನಲ್ಲಿ. ಇನಾಯತ್ ಸೇರಿದ ದಿನ, ಬಿಟ್ಟ ದಿನ, ಪತ್ರಕ್ಕೆ ಸಹಿ ಹಾಕಿದವರು ಯಾರು ಎಂದು ಕೇಳಿದರು. ಹೇಳಿದೆ. ಆಮೇಲೆ ಕೇಳಿದರು:

"ಅವರು ಅರ್ಹ ವೆಲ್ಡರ್ ಆಗಿದ್ದರೆ ಅಷ್ಟು ವರ್ಷ ಹೆಲ್ಪರ್ ಎಂದು ಯಾಕೆ ಇಟ್ಟುಕೊಂಡಿದ್ದಿರಿ?"

ಮ್ಯಾನೇಜರ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ಬರೆಯುವುದನ್ನು ನಿಲ್ಲಿಸಿದ್ದು ಕಾಣುತ್ತಿತ್ತು. ಮೇಲಿನವರ ಆದೇಶ ಎಂದು ಹೇಳಬಹುದಿತ್ತು. ಅರ್ಧ ನಿಜವೂ ಆಗುತ್ತಿತ್ತು. ಕಾರ್ಖಾನೆಯ ಆರ್ಥಿಕ ಪರಿಸ್ಥಿತಿ ಎನ್ನಬಹುದಿತ್ತು.

"ಬಡ್ತಿಯ ಕಡತ ನನ್ನ ಬಳಿ ಇತ್ತು. ನಾನು ಅದನ್ನು ಮತ್ತೆ ಮೇಲಕ್ಕೆ ಕಳಿಸಲಿಲ್ಲ. ತಪ್ಪು ಅವರದಲ್ಲ, ನಮ್ಮ ಕಚೇರಿಯದು, ಅದರಲ್ಲೂ ನನ್ನದು" ಎಂದೆ.

ಆ ಕಡೆ ಟೈಪ್ ಮಾಡುವ ಸದ್ದು ಕೇಳಿಸಿತು. ಧನ್ಯವಾದ ಹೇಳಿ ಫೋನಿಟ್ಟರು. ಎದ್ದು ಹೋಗಿ ನೀರು ಕುಡಿದೆ.

ಡಿಸೆಂಬರಿನಲ್ಲಿ ಪ್ರಾಂತ್ಯದ ಶಿಫಾರಸು ಬಂತು. ಅದಾದ ಮೇಲೂ ಹಾದಿ ಉದ್ದವಿತ್ತು. ಎದೆಯ ಎಕ್ಸ್‌ರೇಯಲ್ಲಿ ಏನೋ ಮಬ್ಬು ಕಂಡಿತೆಂದು ಮತ್ತೆ ಮೂರು ತಿಂಗಳು ಕಾಯಿಸಿದರು. ಕ್ಷಯವಲ್ಲ, ಹಳೆಯ ಕಲೆ ಎಂದು ಗೊತ್ತಾಯಿತು. ಇನಾಯತ್, ಶಾಹೀನಾ, ಇಬ್ಬರು ಮಕ್ಕಳು ಹೊರಟದ್ದು 2006ರ ಏಪ್ರಿಲಿನಲ್ಲಿ. ಹೋಗುವ ಮುಂಚೆ ನಾಲ್ವರೂ ನಮ್ಮ ಮನೆಗೆ ಬಂದಿದ್ದರು. ಹೊರಡುವಾಗ ಶಾಹೀನಾ, "ಸುಳ್ಳು ಕಾಗದ ಇಲ್ದೆ ಹೋಗ್ತಿದೀವಿ ಮೇಡಂ, ಅಷ್ಟು ಸಾಕು" ಎಂದರು.

ಆ ವರ್ಷದ ಕೊನೆಗೆ ಅಲ್ಲಿಂದ ಒಂದು ಫೋನ್ ಬಂತು. ಊರಿನಲ್ಲಿ ಒಂದೇ ಒಂದು ದಿನಸಿ ಅಂಗಡಿಯಂತೆ, ಹಲಾಲ್ ಮಾಂಸಕ್ಕೆ ಎರಡೂವರೆ ಗಂಟೆ ಗಾಡಿ ಓಡಿಸಬೇಕಂತೆ. ಚಿಕ್ಕ ಮಗಳು ಶಾಲೆಯಲ್ಲಿ ಒಂದು ತಿಂಗಳು ಬಾಯಿ ಬಿಡಲಿಲ್ಲವಂತೆ. ಚಳಿಯ ಬಗ್ಗೆ ಕೇಳಿದೆ. "ತಮಾಷೆ ಮಾಡಿದ್ದೆ ಮೇಡಂ, ತಪ್ಪಾಯ್ತು" ಎಂದು ನಕ್ಕರು. ಕೆಲಸ ಹೇಗಿದೆ ಎಂದು ಕೇಳಿದ್ದಕ್ಕೆ ಮಾತ್ರ ಒಂದೇ ಮಾತು ಹೇಳಿದರು: "ಕೆಲಸ ಅದೇ."

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರು ಹೇಳಿದ್ದು ನಿಜವಾಯಿತು. 2004ರ ಕೊನೆಯಲ್ಲೇ, ಇನಾಯತ್ ಅವರಿಗೆ ಪತ್ರ ಸಿಕ್ಕಿದ ಸುದ್ದಿ ಭದ್ರಾವತಿಯಿಂದ ಶಿವಮೊಗ್ಗದವರೆಗೆ ಹರಡಿ ಒಬ್ಬೊಬ್ಬರಾಗಿ ಬರತೊಡಗಿದರು. ಎಲ್ಲರೂ ಕೆನಡಾಕ್ಕೆ ಹೋಗುವವರಲ್ಲ. ಕೆಲವರಿಗೆ ಗಲ್ಫ್, ಕೆಲವರಿಗೆ ಪುಣೆ, ಕೆಲವರಿಗೆ ಸುಮ್ಮನೆ ಮನೆಯಲ್ಲಿಟ್ಟುಕೊಳ್ಳಲು. ಬೀರುವಿನ ಫೈಲುಗಳನ್ನು ರದ್ದಿಗೆ ಹೋಗದಂತೆ ನನ್ನ ಕೋಣೆಗೆ ತರಿಸಿಕೊಂಡಿದ್ದೆ. ಅದರಲ್ಲಿ ದಾಖಲೆ ಸಿಕ್ಕ ಹನ್ನೊಂದು ಜನರಿಗೆ ಬರೆದುಕೊಟ್ಟೆ. ಈ ನಡುವೆ ನನಗೂ ಒಂದು ಮೆಮೊ ಬಂತು, ಅಧಿಕಾರ ಮೀರಿ ಪತ್ರ ಕೊಟ್ಟದ್ದಕ್ಕೆ ವಿವರಣೆ ಕೇಳಿ. ಕೊಟ್ಟೆ. ಆ ವರ್ಷದ ಇನ್‌ಕ್ರಿಮೆಂಟ್ ನಿಲ್ಲಿಸಿದರು. ಲೇಬರ್ ಕೋರ್ಟಿಗೆ ಒಬ್ಬರೂ ಹೋಗಲಿಲ್ಲ. ಅಷ್ಟು ವರ್ಷ ನಮ್ಮ ಮೇಲಿನವರೆಲ್ಲ ಹೆದರಿದ್ದು ಅದಕ್ಕೇ.

2005ರಲ್ಲಿ ಎರಕದ ವಿಭಾಗವೂ ಮುಚ್ಚಿತು. ಆಗ ಬಂದವರು ಹನುಮಂತಪ್ಪ. ಮರಳಿನಲ್ಲಿ ಅಚ್ಚು ಕಟ್ಟುವುದರಲ್ಲಿ ಅವರಷ್ಟು ಕುಶಲಿಗಳನ್ನು ನಾನು ಕಂಡಿಲ್ಲ. ಕರಗಿದ ಕಬ್ಬಿಣ ಸುರಿಯುವ ಮುಂಚೆ ಅಚ್ಚಿನ ಅಂಚನ್ನು ಬೆರಳಲ್ಲಿ ಸವರಿ, ಇದು ಒಡೆಯುತ್ತದೆ, ಇದು ನಿಲ್ಲುತ್ತದೆ ಎಂದು ಹೇಳುತ್ತಿದ್ದರು, ತಪ್ಪುತ್ತಿರಲಿಲ್ಲ. ಅದೇ ಪ್ರಾಂತ್ಯದಲ್ಲಿ ಒಂದು ಎರಕದ ಕಾರ್ಖಾನೆ ಅಚ್ಚು ಕಟ್ಟುವವರನ್ನು ಹುಡುಕುತ್ತಿದೆ ಎಂದು, ಇನ್ನೂ ಇಲ್ಲೇ ಇದ್ದ ಇನಾಯತ್ ತಮ್ಮನ್ನು ಆರಿಸಿದ ಕಂಪನಿಯವರಿಂದ ತಿಳಿದು ಹೇಳಿದ್ದರು. ಹನುಮಂತಪ್ಪನವರೂ ದಾಖಲೆಯಲ್ಲಿ ಹೆಲ್ಪರ್.

ಅವರ ಫೈಲಿನಲ್ಲಿ ಟ್ರೇಡ್ ಟೆಸ್ಟ್ ಇರಲಿಲ್ಲ. ಎರಕದ ಅಚ್ಚಿಗೆ ಹೊರಗಿನ ಇನ್ಸ್‌ಪೆಕ್ಟರು ಬರುವುದಿಲ್ಲ, ನಂಬರು ಪಂಚ್ ಹೊಡೆಯುವುದಿಲ್ಲ. ಎರಕ ಹೊರಬಂದ ಮೇಲೆ ಅಚ್ಚನ್ನು ಒಡೆದು ಹಾಕುತ್ತಾರೆ. ಅವರ ಫೋರ್‌ಮನ್ ತೀರಿಕೊಂಡಿದ್ದರು. ಒಂದು ತಿಂಗಳು ಹುಡುಕಿದೆ. ಅವರು ಆ ಕೆಲಸ ಮಾಡಿದರು ಎನ್ನುವುದಕ್ಕೆ ಒಂದು ಚೀಟಿಯೂ ಸಿಗಲಿಲ್ಲ.

"ನಾನು ಏನು ಕೆಲಸ ಮಾಡ್ತಿದ್ದೆ ಅಂತ ನಿಮಗೆ ಗೊತ್ತಲ್ವ ಮೇಡಂ?" ಎಂದು ಕೇಳಿದರು.

"ಗೊತ್ತು ಹನುಮಂತಪ್ಪ."

"ಮತ್ತೆ?"

ನನಗೆ ತಿಳಿದಮಟ್ಟಿಗೆ ಎಂದು ಒಂದು ಪತ್ರ ಬರೆದುಕೊಟ್ಟೆ. ಪುರಾವೆ ಸಾಲದು ಎಂದು ಅರ್ಜಿ ತಿರಸ್ಕೃತವಾಯಿತು. ತಿರಸ್ಕರಿಸಿದವರನ್ನು ದೂರಲಾರೆ, ಪರಿಚಯವಿಲ್ಲದ ಕಚೇರಿ ನನ್ನ ಬಾಯಿಮಾತನ್ನು ಯಾಕೆ ನಂಬಬೇಕು? ಹನುಮಂತಪ್ಪ ಸೋಗಾನೆಯ ಕಡೆ ಕೂಲಿಗೆ ಹೋಗುತ್ತಿದ್ದಾರೆಂದು ಆಮೇಲೆ ಕೇಳಿದೆ. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. "ಚೆನ್ನಾಗಿದೀರಾ ಮೇಡಂ?" ಎಂದು ಅವರೇ ಮೊದಲು ಮಾತಾಡಿಸಿದರು. ನನಗೆ ಅದು ಮೆಮೊಗಿಂತ ಭಾರವಾಗಿತ್ತು.

ಕಾಗದ ಎಂದರೆ ಕಚೇರಿಯ ವಿಷಯ, ಅದರಿಂದ ಕೆಲಸಗಾರರಿಗೆ ಆಗಬೇಕಾದ್ದು ಏನೂ ಇಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಕಾರ್ಖಾನೆ ನಡೆಯುತ್ತಿರುವವರೆಗೆ ಅದು ಸರಿಯೂ ಹೌದು. ಯಾರು ಏನು ಬಲ್ಲರು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಬಾಗಿಲು ಮುಚ್ಚಿದ ದಿನ ಆ ಗೊತ್ತಿರುವಿಕೆ ಚದುರಿ ಹೋಗುತ್ತದೆ. ಆಮೇಲೆ ಒಬ್ಬ ಮನುಷ್ಯನ ಹದಿನಾರು ವರ್ಷವೆಂದರೆ ಯಾರೋ ಬರೆದಿಟ್ಟದ್ದು ಎಷ್ಟೋ ಅಷ್ಟೇ. ಆ ಬರೆಯುವ ಕೆಲಸಕ್ಕೆ ನನಗೆ ಸಂಬಳ ಕೊಡುತ್ತಿದ್ದರು. ಗೊತ್ತಿದ್ದನ್ನು ಗೊತ್ತಿದ್ದ ದಿನವೇ ಬರೆಯಬೇಕು. ನನ್ನ ವೃತ್ತಿ ಕಲಿಸಿದ ಪಾಠ ಇಷ್ಟೇ, ಅದನ್ನೂ ತಡವಾಗಿ ಕಲಿತೆ.

2006ರ ಕೊನೆಯ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಆಮೇಲೆ ಶಿವಮೊಗ್ಗದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಮೂವತ್ತು ಜನರ ಜಾಗ. ವರ್ಷಕ್ಕೊಮ್ಮೆ, ಯಾರೂ ಹೇಳದಿದ್ದರೂ, ಒಂದು ನೋಟ್‌ಬುಕ್ ಹಿಡಿದು ಶಾಪಿನೊಳಗೆ ಹೋಗಿ ಒಬ್ಬೊಬ್ಬರ ಪಕ್ಕ ನಿಂತು, ನೀವು ಈಗ ಮಾಡುತ್ತಿರುವ ಕೆಲಸ ಏನು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ತಾರೀಖು ಹಾಕಿ ಅವರ ಸಹಿ, ನನ್ನ ಸಹಿ. ಲೇತ್ ನಡೆಸುವ ಒಬ್ಬರು ಒಂದು ವರ್ಷ ಬೇಸರದಿಂದ ಕೇಳಿದರು:

"ಇದನ್ನೆಲ್ಲ ಬರ್ಕೊಂಡು ಏನು ಮಾಡ್ತೀರಿ ಮೇಡಂ?"

"ಗೊತ್ತಿಲ್ಲ. ಇರಲಿ, ಹೇಳಿ" ಎಂದೆ.